ಮಂಟಪ ಮುಳುಗಿತಾ?

ಶಿವಮೊಗ್ಗದಲ್ಲಿ ಜುಲೈ ತಿಂಗಳು ಬಂತೆಂದರೆ ಜನ ಎದುರುಬದುರಾದಾಗ ‘ಊಟ ಆಯ್ತಾ’ ಅಂತ ಕೇಳಲ್ಲ. ‘ಮಂಟಪ ಮುಳುಗಿತಾ?’ ಅಂತ ಕೇಳ್ತಾರೆ.

ತುಂಗಾ ನದಿಯೊಳಗೆ, ಕೋಟೆ ಕಡೆಯ ದಂಡೆಗೆ ಹತ್ತಿರದಲ್ಲಿ ಒಂದು ಪುಟ್ಟ ಕಲ್ಲಿನ ಮಂಟಪವಿದೆ. ಕೋರ್ಪಲಯ್ಯನ ಛತ್ರದ ಮಂಟಪ ಅಂತ ಹೆಸರು. ಬೇಸಿಗೆಯಲ್ಲಿ ಅದರ ಕಡೆ ಯಾರೂ ತಿರುಗಿ ನೋಡಲ್ಲ. ಮಳೆಗಾಲ ಬಂದರೆ ಇಡೀ ಊರಿಗೆ ಅದೇ ಅಳತೆಗೋಲು. ಕಂಬಗಳು ಅರ್ಧ ಮುಳುಗಿದರೆ ‘ಹೊಳೆ ಬಂದಿದೆ’. ತಲೆ ಮಾತ್ರ ಕಂಡರೆ ‘ಜೋರಿದೆ’. ಪೂರ್ತಿ ಮುಳುಗಿದರೆ ದಂಡೆಯ ಮೇಲೆ ಜಾತ್ರೆ. ಒಬ್ಬರು ಬಾಗಿನ ಬಿಡ್ತಿರ್ತಾರೆ, ಇನ್ನೊಬ್ಬರು ಸೆಲ್ಫಿ ತೆಗೀತಿರ್ತಾರೆ, ಪಕ್ಕದಲ್ಲೇ ಕೆಂಡದ ಮೇಲೆ ಜೋಳದ ತೆನೆ ಸುಡ್ತಿರುತ್ತೆ. ಪೊಲೀಸರು ಶಿಳ್ಳೆ ಊದಿ ಊದಿ ಸುಸ್ತಾಗಿರ್ತಾರೆ.

ನನಗೂ ಅದು ಬರೀ ನೋಡೋ ಸಂಭ್ರಮವಾಗಿತ್ತು. ಹೊಳೆ ಪಕ್ಕದಲ್ಲಿ ಮನೆ ಹುಡುಕೋಕೆ ಶುರು ಮಾಡೋ ತನಕ.

ಹಸಿರು, ಹೊಳೆ, ಅರ್ಧ ಬಾಡಿಗೆ

ನಾವಿಬ್ಬರೂ ಬೆಂಗಳೂರಿನ ಕೆಲಸ ಬಿಡದೆ ಶಿವಮೊಗ್ಗಕ್ಕೆ ಬಂದವರು. ತಿಂಗಳಿಗೆ ಎರಡು ಸಲ ಆಫೀಸಿಗೆ ಮುಖ ತೋರಿಸಿದರೆ ಸಾಕು ಅಂತಾದ ಮೇಲೆ, ಬೆಂಗಳೂರಿನ ಬಾಡಿಗೆ ಕಟ್ಟೋದು ಯಾಕೆ ಅನ್ನಿಸ್ತು. ಸುಮಾರು 300 ಕಿಲೋಮೀಟರ್ ದಾರಿ. ರಾತ್ರಿ ಬಸ್ಸುಂಟು, ಜನಶತಾಬ್ದಿ ರೈಲುಂಟು. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆಯಿತು. ನಾವು ರೈಲಿನವರೇ ಬಿಡಿ.

ಮನೆ ಎಲ್ಲಿ ಅಂತ ಬಂದಾಗ ನನ್ನ ಕಣ್ಣು ಹೋಗಿದ್ದು ವಿದ್ಯಾನಗರದ ಕಡೆಗೆ. ಹಳೆ ತುಂಗಾ ಸೇತುವೆಯ ಒಂದು ಬದಿಗೆ ಪೇಟೆ, ಇನ್ನೊಂದು ಬದಿಗೆ ವಿದ್ಯಾನಗರ. ಕುವೆಂಪು ವಿಶ್ವವಿದ್ಯಾಲಯದ ಸಹ್ಯಾದ್ರಿ ಕಾಲೇಜುಗಳು ಇರೋದು ಈ ಕಡೆಗೇ. ಕಾಲೇಜಿನ ಆವರಣದ ಮರಗಳ ನೆರಳು, ಹಳೆ ಮನೆಗಳ ಕಾಂಪೌಂಡಿನಲ್ಲಿ ಹಲಸು, ಮಾವು, ತೆಂಗು, ಒಂದೊಂದು ಸಂಪಿಗೆ. ಸಂಜೆ ಆದರೆ ಹೊಳೆ ಕಡೆಯಿಂದ ತಣ್ಣನೆ ಗಾಳಿ. ಏಪ್ರಿಲ್‌ನಲ್ಲೂ ರಾತ್ರಿ ಕಿಟಕಿ ತೆಗೆದು ಮಲಗಬಹುದು. ಸೊಳ್ಳೆಪರದೆ ಇದ್ದರೆ.

ಬೇಕಾದ್ದೆಲ್ಲ ಕೈಗೆಟಕುವಷ್ಟು ಹತ್ತಿರ. ಸೇತುವೆ ದಾಟಿದರೆ ಬೆಕ್ಕಿನ ಕಲ್ಮಠ. ಅಲ್ಲಿಂದ ಮುಂದೆ ಗಾಂಧಿ ಬಜಾರು, ನೆಹರೂ ರಸ್ತೆ, ದುರ್ಗಿಗುಡಿ. ಹೊಳೆಗುಂಟ ಕೋಟೆ ರಸ್ತೆಗೆ ಹೋದರೆ ಆಂಜನೇಯನ ಗುಡಿ, ಮಾರಿಕಾಂಬೆಯ ಗುಡಿ, ಶಿವಪ್ಪ ನಾಯಕನ ಅರಮನೆ. ಅರಮನೆ ಈಗ ವಸ್ತುಸಂಗ್ರಹಾಲಯ. ದೊಡ್ಡ ದೊಡ್ಡ ಮರದ ಕಂಬಗಳ ನಡುವೆ, ಹೊರಗೆ ಎಷ್ಟೇ ಸೆಖೆ ಇದ್ದರೂ ಒಳಗೆ ತಂಪು. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಹೊಳೆ ದಂಡೆಗೆ ನಡಿಗೆಯ ಹಾದಿಯೂ ಬಂತು. ಭಾನುವಾರ ಮನಸ್ಸಾದರೆ ಸಕ್ರೆಬೈಲಿನ ಆನೆ ಬಿಡಾರ, ಇಲ್ಲಾಂದ್ರೆ ತುಂಗಾ-ಭದ್ರಾ ಸೇರುವ ಕೂಡ್ಲಿ. ಎರಡಕ್ಕೂ ಬೈಕಿನಲ್ಲಿ ಅರ್ಧ ಗಂಟೆ ಅಷ್ಟೆ.

ಇನ್ನು ಮಾರ್ಕೆಟ್. ಬೇಸಿಗೆ ಶುರುವಿನಲ್ಲಿ ಅಪ್ಪೆಮಿಡಿ ಬರುತ್ತೆ. ಕೆಜಿ ಲೆಕ್ಕ ಅಲ್ಲ, ನೂರರ ಲೆಕ್ಕ. ಈ ಮಿಡಿಯ ಹಳೆ ಮರಗಳು ಮಲೆನಾಡಿನ ಹೊಳೆ, ಹಳ್ಳಗಳ ದಂಡೆಯಲ್ಲೇ ಹೆಚ್ಚು ಬೆಳೆಯೋದು. ನಾವು ಭರಣಿಯಲ್ಲಿಟ್ಟು ವರ್ಷವಿಡೀ ನೆಕ್ಕೋ ಉಪ್ಪಿನಕಾಯಿಯೂ ಹೊಳೆಯ ಕೊಡುಗೆ ಅಂತ ಆಯ್ತು. ಮಳೆ ಬಿದ್ದ ಮೇಲೆ ಕಳಲೆ, ಅಣಬೆ, ಪತ್ರೊಡೆಗೆ ಕೆಸುವಿನ ಎಲೆ. ಆಪ್‌ನಲ್ಲಿ ಹುಡುಕಿದರೆ ಇವು ಸಿಗಲ್ಲ. ಬೆಳಿಗ್ಗೆ ಬೇಗ ಎದ್ದು ಹೋಗಬೇಕು.

ಇಷ್ಟೆಲ್ಲ ಇರೋ ಕಡೆ, ಬೆಂಗಳೂರಿನ ಅರ್ಧಕ್ಕೂ ಕಡಿಮೆ ಬಾಡಿಗೆಗೆ, ಮಹಡಿಯಿಂದ ಹೊಳೆ ಕಾಣೋ ಮನೆಯೊಂದು ಸಿಕ್ಕಿತು. ಹೊಸ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. “ಹೊಳೆ ಪಕ್ಕ ಅಂದ್ರೂ ನೀರೇನೂ ಬರಲ್ಲ ಮೇಡಂ, ಧೈರ್ಯವಾಗಿ ಬನ್ನಿ” ಅಂದರು ಮನೆಯವರು. ನಾನು ಮನಸ್ಸಿನಲ್ಲೇ ಬಾಲ್ಕನಿಗೆ ಕುರ್ಚಿ ಹಾಕಿ ಆಗಿತ್ತು.

ಗೋಡೆಯ ಮೇಲಿನ ಗೆರೆ

ಅಡ್ವಾನ್ಸ್ ಕೊಡೋ ಮುಂಚೆ ನೀರಿನ ಅನುಕೂಲ ಹೇಗೆ ಅಂತ ಕೇಳೋಣ ಅಂತ ಪಕ್ಕದ ಮನೆಗೆ ಹೋದೆ. ಹಂಚಿನ ಸೂರಿನ ಹಳೆ ಮನೆ. ಜಗುಲಿ ಮೇಲೆ ಒಬ್ಬರು ಅಜ್ಜಿ ಹೂ ಕಟ್ಟುತ್ತಾ ಕೂತಿದ್ದರು. ನಾನು ಕೇಳಿದ್ದು ನಲ್ಲಿ ನೀರು. ಅವರು ಹೇಳಿದ್ದು ಬೇರೆ ನೀರಿನ ಕಥೆ.

“ಒಳಗೆ ಬಾ ಮಗಾ, ಅಲ್ಲಿ ನೋಡು” ಅಂತ ಕರೆದುಕೊಂಡು ಹೋಗಿ ನಡುಮನೆ ಗೋಡೆ ತೋರಿಸಿದರು. ಎಲ್ಲ ಕಡೆ ಬಿಳಿ ಸುಣ್ಣ. ಒಂದು ಮೂಲೆಯಲ್ಲಿ ಮಾತ್ರ ಗೇಣಗಲದಷ್ಟು ಜಾಗ ಹಾಗೇ ಬಿಟ್ಟಿದೆ. ಅಲ್ಲೊಂದು ಕೆಸರು ಬಣ್ಣದ ಗೆರೆ. ನನ್ನ ಸೊಂಟಕ್ಕಿಂತ ಮೇಲೆ.

“ಹತ್ತೊಂಬತ್ತರಲ್ಲಿ ಬಂದಿದ್ದು ಇಲ್ಲಿ ತನಕ. ಸುಣ್ಣ ಹೊಡೆಯೋಕೆ ಬಂದ ಹುಡುಗನಿಗೆ ಹೇಳಿದ್ದೆ, ಇದೊಂದು ಜಾಗ ಬಿಟ್ಟು ಹೊಡಿಯೋ ಅಂತ.”

“ಯಾಕಜ್ಜಿ?”

“ಮರೆತು ಹೋಗತ್ತಲ್ಲ.”

2019ರ ಆಗಸ್ಟ್ ಮಳೆ ಶಿವಮೊಗ್ಗದವರಿಗೆ ನೆನಪಿದ್ದೇ ಇರುತ್ತೆ. ಹಳೇ ಊರಿನ ಇಮಾಂಬಾಡ, ಸೀಗೆಹಟ್ಟಿ, ಕುಂಬಾರ ಗುಂಡಿ, ಈ ಕಡೆ ವಿದ್ಯಾನಗರದ ತಗ್ಗಿನ ಬೀದಿಗಳು, ಎಲ್ಲೆಡೆ ನೀರು ನುಗ್ಗಿತ್ತು. ಹೆಸರುಗಳನ್ನು ಒಂದು ಸಲ ಗಮನಿಸಿ. ಕುಂಬಾರ ‘ಗುಂಡಿ’. ಹಳಬರು ಜಾಗಕ್ಕೆ ಹೆಸರಿಡುವಾಗಲೇ ಅದು ತಗ್ಗು ಅಂತ ಹೇಳಿಬಿಟ್ಟಿದ್ದಾರೆ. ನಾವು ಮಾತ್ರ ಗೂಗಲ್ ಮ್ಯಾಪಿನಲ್ಲಿ ‘ರಿವರ್ ವ್ಯೂ’ ಅಂತ ಹುಡುಕ್ತೀವಿ.

ಪಕ್ಕದ ಹೊಸ ಪೇಂಟಿನ ಮನೆಗೂ ಅಷ್ಟೇ ನೀರು ಬಂದಿತ್ತಾ ಅಂತ ನಾನು ಕೇಳಲಿಲ್ಲ. ಕೇಳೋ ಅಗತ್ಯ ಇರಲಿಲ್ಲ. ಎರಡೂ ಮನೆಯ ಮೆಟ್ಟಿಲು ಒಂದೇ ಮಟ್ಟ.

ಹೊರಡುವಾಗ ಸುಮ್ಮನಿರಲಾರದೆ ಕೇಳಿದೆ: “ನೀವು ಬೇರೆ ಕಡೆ ಹೋಗಬಹುದಿತ್ತಲ್ಲ ಅಜ್ಜಿ?”

“ಎಲ್ಲಿಗೆ ಹೋಗ್ಲಿ? ಈ ಮನೆ ಮಾರಿದ್ರೆ ಮೇಲಿನ ಬೀದೀಲಿ ಅಡುಗೆಮನೆಯಷ್ಟು ಜಾಗಾನೂ ಬರಲ್ಲ.”

ಕೊನೆಗೆ ನಾವು ಮನೆ ಹಿಡಿದಿದ್ದು ಆ ಮೇಲಿನ ಬೀದಿಯಲ್ಲೇ. ಬಾಡಿಗೆ ಸ್ವಲ್ಪ ಜಾಸ್ತಿ, ಹೊಳೆ ಕಾಣಲ್ಲ. ಮರದ ಸಂದಿಯಿಂದ ಗಾಳಿ ಮಾತ್ರ ಬರುತ್ತೆ. ಅಜ್ಜಿಯ ಮನೆಗೆ ನಡೆದರೆ ಐದು ನಿಮಿಷ. ಆ ಐದು ನಿಮಿಷದ ಇಳಿಜಾರಿನ ಬೆಲೆ ಏನು ಅಂತ ಗೊತ್ತಾಗಿದ್ದು ಆಮೇಲೆ.

ಗಾಜನೂರಿನ ಲೆಕ್ಕ

ಹೊಳೆ ಪಕ್ಕದ ಜನ ಮಳೆಗಾಲದಲ್ಲಿ ಆಕಾಶಕ್ಕಿಂತ ಹೆಚ್ಚಾಗಿ ಗಾಜನೂರಿನ ಸುದ್ದಿ ನೋಡ್ತಾರೆ. ತುಂಗೆ ಹುಟ್ಟೋದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ ದಾಟಿ ಗಾಜನೂರಿನ ಅಣೆಕಟ್ಟಿಗೆ ಬಂದು, ಅಲ್ಲಿಂದ ನಮ್ಮೂರಿಗೆ ಇಳೀತಾಳೆ. ಹಾಗಾಗಿ ಶಿವಮೊಗ್ಗದಲ್ಲಿ ಬಿಸಿಲು ಹೊಡೀತಿದ್ದರೂ ಶೃಂಗೇರಿ ಕಡೆ ಮಳೆ ಹಿಡಿದರೆ ಇಲ್ಲಿ ಹೊಳೆ ಏರುತ್ತೆ.

‘ಡ್ಯಾಂ ಇದೆಯಲ್ಲ, ತಡೆಯಲ್ವಾ?’ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಗಾಜನೂರು ಅಣೆಕಟ್ಟಿನ ಸಾಮರ್ಥ್ಯ 3.24 ಟಿಎಂಸಿ ಅಡಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಸೆಕೆಂಡಿಗೆ 50,000 ಘನ ಅಡಿ, ಅಂದರೆ 50,000 ಕ್ಯೂಸೆಕ್ ನೀರು ಬರ್ತಿದೆ ಅಂತಿಟ್ಟುಕೊಳ್ಳಿ. ಅಣೆಕಟ್ಟು ಪೂರ್ತಿ ಖಾಲಿ ಇದ್ದರೂ ತುಂಬೋಕೆ ಬೇಕಾಗೋದು ಬರೀ 18 ಗಂಟೆ. ಅದೇ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಸಾಮರ್ಥ್ಯ 71.5 ಟಿಎಂಸಿ. ಅಷ್ಟೇ ನೀರು ಬಂದರೆ ಅದು ತುಂಬೋಕೆ 16 ದಿನಕ್ಕಿಂತ ಹೆಚ್ಚು ಬೇಕು.

ಅಂದರೆ ಭದ್ರೆಯದು ದೊಡ್ಡ ಹಂಡೆ, ತುಂಗೆಯದು ಚೊಂಬು. ಮಳೆಗಾಲದ ಶುರುವಿನಲ್ಲೇ ಚೊಂಬು ತುಂಬಿರುತ್ತೆ. ಆಮೇಲೆ ಮೇಲಿಂದ ಎಷ್ಟು ಬರುತ್ತೋ ಅಷ್ಟನ್ನು ಕೆಳಗೆ ಬಿಡಲೇಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ, ಜಾಗ ಇರೋದೇ ಅಷ್ಟು.

ಕ್ಯೂಸೆಕ್ ಅನ್ನೋ ಪದ ಪೇಪರಿನಲ್ಲಿ ಓದಿ ಓದಿ ಸವೆದು ಹೋಗಿದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 50,000 ಕ್ಯೂಸೆಕ್ ಅಂದರೆ ಪ್ರತಿ ಸೆಕೆಂಡಿಗೆ 14 ಲಕ್ಷ ಲೀಟರ್. 12,000 ಲೀಟರಿನ ನೂರಹದಿನೈದಕ್ಕೂ ಹೆಚ್ಚು ಟ್ಯಾಂಕರ್‌ಗಳು ನಿಮ್ಮ ಮುಂದೆ ಒಂದೇ ಸೆಕೆಂಡಿನಲ್ಲಿ ಹಾದುಹೋದ ಹಾಗೆ. ಮುಂದಿನ ಸೆಕೆಂಡಿಗೆ ಮತ್ತಷ್ಟು.

ಇನ್ನೊಂದು ವಿಷಯ ಅಜ್ಜಿಯೇ ಹೇಳಿಕೊಟ್ಟಿದ್ದು. ಪ್ರವಾಹದ ನೀರು ಯಾವಾಗಲೂ ಹೊಳೆ ಕಡೆಯಿಂದಲೇ ಬರಲ್ಲ. ಹೊಳೆ ಮೇಲಕ್ಕೆ ಬಂದಾಗ ಊರಿನ ರಾಜಕಾಲುವೆ, ಚರಂಡಿಗಳ ನೀರಿಗೆ ಹೊಳೆ ಸೇರೋಕೆ ದಾರಿ ಇರಲ್ಲ. ಅದು ವಾಪಸ್ ತಿರುಗುತ್ತೆ. ನೀವು ಮುಂಬಾಗಿಲಲ್ಲಿ ನಿಂತು ಹೊಳೆ ನೋಡ್ತಿದ್ದರೆ ನೀರು ಹಿತ್ತಿಲಿನಿಂದ, ಕೆಲವೊಮ್ಮೆ ಬಚ್ಚಲಿನ ತೂತಿನಿಂದಲೇ ಒಳಗೆ ಬಂದಿರುತ್ತೆ.

ಒಂದು ರಾತ್ರಿ, ಒಂದು ಟ್ರಂಕು

ಕಳೆದ ಮಳೆಗಾಲದಲ್ಲಿ ಮೂರು ದಿನ ಬಿಡದೆ ಸುರಿದ ಮೇಲೆ ಒಂದು ಸಂಜೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಾಲು ಬಂತು: ‘ಮಂಟಪ ಮುಳುಗಿದೆ.’ ನಾನು ಆನ್‌ಲೈನ್ ಮೀಟಿಂಗಿನಲ್ಲಿದ್ದೆ. ಬೆಂಗಳೂರಿನವರೊಬ್ಬರು ಸ್ಲೈಡ್ ತೋರಿಸ್ತಿದ್ದರು. ಕರೆಂಟು ಆಗಲೇ ಎರಡು ಸಲ ಹೋಗಿ ಬಂದಿತ್ತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅಜ್ಜಿಯ ಮಗ ನಿಂತಿದ್ದರು, ತಲೆ ಮೇಲೆ ಗೋಣಿಚೀಲದ ಕೊಪ್ಪೆ. “ಅಕ್ಕಾ, ಒಂದಷ್ಟು ಸಾಮಾನು ಇಲ್ಲಿ ಇಡಬಹುದಾ? ನೀರು ಬರತ್ತೆ ಅಂತಲ್ಲ, ಬಂದ್ರೆ ಅಂತ.”

ಮೀಟಿಂಗಿನಿಂದ ಎದ್ದೆ. ನನ್ನ ಗಂಡ, ಅವರು, ಎದುರು ಮನೆಯ ಕಾಲೇಜು ಹುಡುಗರಿಬ್ಬರು ಸೇರಿ ನಾಲ್ಕು ಸಲ ಇಳಿದು ಹತ್ತಿದರು. ಮೊದಲು ಬಂದಿದ್ದು ಟಿವಿ ಅಲ್ಲ, ಫ್ರಿಜ್ಜೂ ಅಲ್ಲ. ಒಂದು ಹಳೆ ಕಬ್ಬಿಣದ ಟ್ರಂಕು. ಮನೆ ಪತ್ರ, ರೇಷನ್ ಕಾರ್ಡು, ಮೊಮ್ಮಗಳ ಮಾರ್ಕ್ಸ್ ಕಾರ್ಡು, ಒಂದು ರೇಷ್ಮೆ ಸೀರೆ, ಮದುವೆ ಫೋಟೊ. 2019ರಲ್ಲಿ ಇದೇ ಟ್ರಂಕು ಅಟ್ಟಕ್ಕೆ ಏರದೆ ನೆನೆದಿತ್ತಂತೆ. ಫೋಟೊದಲ್ಲಿ ಅಜ್ಜನ ಮುಖ ಅರ್ಧ ಅಳಿಸಿಹೋಗಿದೆ. ಆಮೇಲೆ ಅಕ್ಕಿ ಡಬ್ಬ, ಗ್ಯಾಸ್ ಸಿಲಿಂಡರು, ಹೊಲಿಗೆ ಮಷಿನ್ನು. ಕೊನೆಗೆ ಅಜ್ಜಿ, ಕೈಯಲ್ಲಿ ದೇವರ ದೀಪ.

ಆ ರಾತ್ರಿ ನಮ್ಮ ಹಾಲಿನಲ್ಲಿ ಏಳು ಜನ. ಅಕ್ಕಿ ರೊಟ್ಟಿ, ಅಪ್ಪೆಮಿಡಿ. ಅಜ್ಜಿ ನಿದ್ದೆ ಮಾಡಲಿಲ್ಲ. ಎರಡು ಗಂಟೆಗೊಮ್ಮೆ ಮಗನನ್ನು ಎಬ್ಬಿಸಿ ಕಳಿಸೋರು: “ಮೆಟ್ಟಿಲು ನೋಡ್ಕೊಂಡು ಬಾ.” ಮೂರು ಗಂಟೆಗೆ ನೀರು ಅವರ ಬೀದಿಯ ಕೊನೆಗೆ ಬಂದಿತ್ತು. ಐದಕ್ಕೆ ಒಂದು ಮೆಟ್ಟಿಲು. ಬೆಳಗಾಗುವಾಗ ಅಲ್ಲೇ ನಿಂತಿತು. ಮಧ್ಯಾಹ್ನಕ್ಕೆ ಇಳಿಯತೊಡಗಿತು.

ಮನೆಯೊಳಗೆ ನೀರು ಬರಲೇ ಇಲ್ಲ. ‘ಸುಮ್ಮನೆ ಅಷ್ಟು ಕಷ್ಟಪಟ್ಟಿರಿ’ ಅಂತ ಯಾರೋ ಅಂದರು. ಅಜ್ಜಿ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು, “ಬರದೇ ಇರೋ ವರ್ಷ ಹೊತ್ತರೆ ಬರೋ ವರ್ಷಕ್ಕೆ ಅಭ್ಯಾಸ ಇರತ್ತೆ” ಅಂದರು.

ಹಸಿರು, ಗಾಳಿ, ಮಾರ್ಕೆಟ್, ನಡಿಗೆ ಹಾದಿ ಎಲ್ಲ ಲೆಕ್ಕ ಹಾಕಿದ್ದ ನನಗೆ ಆವತ್ತು ಹೊಳೆಯಿತು. ಹೊಳೆ ಪಕ್ಕದ ಬಡಾವಣೆಯ ದೊಡ್ಡ ಸೌಲಭ್ಯ ಇವ್ಯಾವುದೂ ಅಲ್ಲ. ನೀರು ಎಲ್ಲಿ ತನಕ ಬಂದಿತ್ತು ಅಂತ ನೆನಪಿಟ್ಟುಕೊಂಡ ಜನ, ಆ ರಾತ್ರಿ ಬಾಗಿಲು ತೆಗೆಯೋ ಎತ್ತರದ ಮನೆ, ಇವೆರಡು.

ಹೊಳೆಗೆ ನಾವು ಕೊಡೋದೇನು?

‘ಗಂಗಾ ಸ್ನಾನ, ತುಂಗಾ ಪಾನ’ ಅಂತಾರೆ. ಕುಡಿದರೆ ತುಂಗೆಯ ನೀರೇ ಕುಡಿಯಬೇಕು ಅನ್ನೋ ಹೆಮ್ಮೆ. ಈಗಲೂ ನಮ್ಮ ನಲ್ಲಿಯಲ್ಲಿ ಬರೋದು ಅದೇ ನೀರು, ಶುದ್ಧ ಮಾಡಿದ ಮೇಲೆ. ಆದರೆ ಬೇಸಿಗೆಯಲ್ಲಿ ಸೇತುವೆ ಮೇಲೆ ನಿಂತು ಕೆಳಗೆ ನೋಡಿ. ಹೊಳೆ ಸಣ್ಣಗಾಗಿರುತ್ತೆ, ಊರಿನ ಚರಂಡಿ ಕಪ್ಪಗೆ ಬಂದು ಸೇರ್ತಿರುತ್ತೆ. ಬಂಡೆಗಳ ಸಂದಿಯಲ್ಲಿ ಪ್ಲಾಸ್ಟಿಕ್ ಕವರು, ಪೂಜೆಯ ಹೂ, ಹಳೆ ಬಟ್ಟೆ. ಸೇತುವೆ ಮೇಲೆ ಕಾರು ನಿಲ್ಲಿಸಿ, ಕೈಮುಗಿದು, ಕವರಿನ ಸಮೇತ ನಿರ್ಮಾಲ್ಯ ಎಸೆಯೋರು ನಮ್ಮಂಥ ಓದಿದ ಜನವೇ.

ಶೃಂಗೇರಿಯಿಂದ ಹೊಳೆಗುಂಟ ಪಾದಯಾತ್ರೆ ಮಾಡಿದ ನಿರ್ಮಲ ತುಂಗಭದ್ರಾ ಅಭಿಯಾನದವರು 2024ರಲ್ಲಿ ಎತ್ತಿದ್ದೂ ಇದೇ ಮಾತು. ಅಷ್ಟು ದೂರ ನಡೆಯೋಕೆ ಆಗದಿದ್ದರೂ ನಮ್ಮ ಬೀದಿಯಲ್ಲಿ ಒಂದು ಕೆಲಸ ಶುರುವಾಗಿದೆ. ನಿರ್ಮಾಲ್ಯ ಹೊಳೆಗೆ ಬೇಡ, ಗಿಡದ ಬುಡಕ್ಕೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಬೀದಿ ಚರಂಡಿ ತೆಗೆಸಿ ಅಂತ ಎಲ್ಲರೂ ಸೇರಿ ಅರ್ಜಿ ಕೊಡೋದು. ಕಸ ಕಟ್ಟಿದ ಚರಂಡಿ ವಾಪಸ್ ಬರೋದು ಅಜ್ಜಿಯ ಬಚ್ಚಲಿಗೆ ತಾನೇ.

ಮನೆ ನೋಡೋಕೆ ಹೋದಾಗ

ನೀವೂ ಯಾವುದಾದರೂ ಹೊಳೆ ಪಕ್ಕದ ಊರಲ್ಲಿ ಮನೆ ಹುಡುಕ್ತಿದ್ದರೆ ಇಷ್ಟು ಮಾಡಿ:

• ಮನೆಯವರನ್ನೋ ಏಜೆಂಟರನ್ನೋ ಕೇಳಿ ಸುಮ್ಮನಾಗಬೇಡಿ. ಪಕ್ಕದ ಮನೆಯ ಹಿರಿಯರನ್ನು, ಬೀದಿ ಕೊನೆಯ ಅಂಗಡಿಯವರನ್ನು ಕೇಳಿ. ‘ನೀರು ಬರುತ್ತಾ?’ ಅಂತಲ್ಲ, ‘2019ರಲ್ಲಿ ಎಲ್ಲಿ ತನಕ ಬಂದಿತ್ತು?’ ಅಂತ. ಮೊದಲನೆಯದಕ್ಕೆ ‘ಇಲ್ಲ’ ಅನ್ನೋದು ಸುಲಭ.

• ಹಿತ್ತಿಲಿಗೆ ಹೋಗಿ ನೋಡಿ. ಹತ್ತಿರದ ರಾಜಕಾಲುವೆ ಎಲ್ಲಿದೆ, ಚರಂಡಿ ಯಾವ ಕಡೆಗೆ ಇಳಿಯುತ್ತೆ ಅಂತ ಗುರುತಿಟ್ಟುಕೊಳ್ಳಿ.

• ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಪೇಂಟು ಅಥವಾ ಟೈಲ್ಸ್ ಇದ್ದರೆ ಯಾಕೆ ಅಂತ ಕೇಳಿ. ಸ್ವಿಚ್ ಬೋರ್ಡು, ಯುಪಿಎಸ್ ಬ್ಯಾಟರಿ ನೆಲದಿಂದ ಎಷ್ಟು ಎತ್ತರದಲ್ಲಿವೆ ನೋಡಿ.

• ಮನೆ ವಿಮೆ ಅಂದರೆ ಸ್ವಂತ ಮನೆಯವರಿಗೆ ಮಾತ್ರ ಅಲ್ಲ. 2021ರಿಂದ ಸಾಮಾನ್ಯ ವಿಮಾ ಕಂಪನಿಗಳು ಕೊಡೋ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಪ್ರವಾಹವೂ ಸೇರಿದೆ. ಬಾಡಿಗೆಯವರು ಒಳಗಿನ ಸಾಮಾನಿಗೆ ಮಾತ್ರವೂ ಮಾಡಿಸಬಹುದು. ಗಾಡಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನೀರಿನಲ್ಲಿ ಮುಳುಗಿದ ಬೈಕಿಗೆ ಒಂದು ಪೈಸೆ ಬರಲ್ಲ.

• ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ. ಚರ್ಮದ ಬ್ಯಾಗು, ಬೆಲ್ಟು, ಮದುವೆಯ ಕೋಟು ಬೀರುವಿನಲ್ಲಿಟ್ಟು ಮರೆತರೆ ಗಣೇಶನ ಹಬ್ಬಕ್ಕೆ ಹಸಿರಾಗಿ ಸಿಗುತ್ತವೆ.

• ದಾಖಲೆಗಳನ್ನೆಲ್ಲ ಒಂದೇ ಕಡೆ, ಒಬ್ಬರೇ ಎತ್ತಬಹುದಾದಷ್ಟು ಸಣ್ಣ ಪೆಟ್ಟಿಗೆಯಲ್ಲಿಡಿ. ಮೇಲಿನ ಬೀದಿಯಲ್ಲಿ ಒಂದು ಮನೆಯವರ ಪರಿಚಯ ಮಾಡಿಕೊಳ್ಳಿ. ನೀವೇ ಮೇಲಿನ ಬೀದಿಯವರಾದರೆ, ಕೆಳಗಿನ ಬೀದಿಯವರ ಪರಿಚಯ ಮಾಡಿಕೊಳ್ಳಿ.

ಆ ಹೊಸ ಪೇಂಟಿನ ಮನೆಗೆ ಈ ಸಲ ಬಾಡಿಗೆಗೆ ಒಂದು ಜೋಡಿ ಬಂದಿದೆ. ಇಬ್ಬರೂ ನಮ್ಮ ಹಾಗೇ ಲ್ಯಾಪ್‌ಟಾಪಿನವರು. ಬಾಲ್ಕನಿಯಲ್ಲಿ ಎರಡು ಬೆತ್ತದ ಕುರ್ಚಿ ಹಾಕಿದ್ದಾರೆ. ಮೊನ್ನೆ ಆ ಕಡೆ ಹೋದಾಗ ಅಜ್ಜಿ ಅವರನ್ನು ಒಳಗೆ ಕರೆದುಕೊಂಡು ಹೋಗ್ತಿದ್ದರು. ಗೋಡೆ ತೋರಿಸೋಕೆ ಇರಬೇಕು.

ಸಂಜೆ ವಾಪಸ್ ಬರುವಾಗ ಆ ಹುಡುಗಿ ನನ್ನನ್ನು ತಡೆದು ಕೇಳಿದಳು: “ಅಕ್ಕಾ, ನಿಮ್ಮ ಮನೆ ಮೇಲಿನ ಬೀದೀಲಂತೆ, ಹೌದಾ?”

ನಮ್ಮ ಹಾಲಿನಲ್ಲಿ ಇನ್ನೂ ಒಂದು ಟ್ರಂಕಿಗೆ ಜಾಗ ಇದೆ.